ದೂರು ಬರೆದವರ ಮನೆಗೇ ನೋಟಿಸ್ ಬಂದಾಗ

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಟೀಚರ್, 63 ವರ್ಷ, ಶಿವಮೊಗ್ಗ ಜಿಲ್ಲೆಯವಳು. ರಿಟೈರ್ ಆದಾಗ ಬಂದ ದುಡ್ಡಿನಲ್ಲಿ ನಾಲ್ಕೂವರೆ ಲಕ್ಷವನ್ನು ಪರಿಚಯದ ಏಜೆಂಟ್ ಒಬ್ಬರ ಮಾತು ನಂಬಿ ಒಂದು ಕಂಪನಿಯ ಬಾಂಡ್‌ಗೆ ಹಾಕಿದೆ. ತಿಂಗಳಿಗೆ ನೂರಕ್ಕೆ ಒಂದೂವರೆ ರೂಪಾಯಿ ಬಡ್ಡಿ. ಹನ್ನೊಂದು ತಿಂಗಳು ಬಂತು, ಆಮೇಲೆ ನಿಂತಿತು. ಆಫೀಸಿಗೆ ಬೀಗ ಬಿತ್ತು. ಸಿಟ್ಟಿನಲ್ಲಿ ಜಿಲ್ಲಾಧಿಕಾರಿ, ರಿಸರ್ವ್ ಬ್ಯಾಂಕ್, ಷೇರುಪೇಟೆ ನೋಡಿಕೊಳ್ಳುವ ಸೆಬಿ, ಕಂಪನಿ ರಿಜಿಸ್ಟ್ರಾರ್, ಮುಖ್ಯಮಂತ್ರಿ, ಪ್ರಧಾನಿ ಕಚೇರಿ ಎಲ್ಲರಿಗೂ ಪತ್ರ ಬರೆಯುತ್ತಾ ಹೋದೆ. ಒಂದೂವರೆ ವರ್ಷ ‘ನಿಮ್ಮ ಅರ್ಜಿಯನ್ನು ಮುಂದಿನ ಕ್ರಮಕ್ಕಾಗಿ ಕಳುಹಿಸಲಾಗಿದೆ’ ಎಂಬ ಉತ್ತರ ಬಿಟ್ಟರೆ ಏನೂ ಇಲ್ಲ. ಹೋದ ವಾರ ಇದ್ದಕ್ಕಿದ್ದಂತೆ ಎರಡು ಬಂದವು. ದಾಖಲೆ ಕೇಳಿ ಸೆಬಿಯಿಂದ ಇಮೇಲ್. ಹೇಳಿಕೆ ಕೊಡಲು ಬನ್ನಿ ಎಂದು ಬೆಂಗಳೂರಿನ ಸಿಐಡಿಯಿಂದ ನೋಟಿಸ್. ಅದರಲ್ಲಿ ‘ಬಿಎನ್‌ಎಸ್‌ಎಸ್ ಕಲಂ 179’ ಎಂದಿದೆ. ನಮ್ಮ ಮನೆಗೆ ಪೊಲೀಸ್ ಕಾಗದ ಬಂದದ್ದು ಇದೇ ಮೊದಲು. ಮಗ ಬೈಯುತ್ತಿದ್ದಾನೆ. ನನ್ನ ನಾದಿನಿಯನ್ನೂ ನಾನೇ ಸೇರಿಸಿದ್ದೆ, ಅದಕ್ಕೆ ಏಜೆಂಟ್ ನನಗೆ 9,000 ರೂಪಾಯಿ ಕೊಟ್ಟಿದ್ದರು. ಒಂದು ಪತ್ರದಲ್ಲಿ ಸಿಟ್ಟಿಗೆ ಒಬ್ಬ ರಾಜಕಾರಣಿಗೂ ಇದರಲ್ಲಿ ಪಾಲಿದೆ ಎಂದು ಬರೆದಿದ್ದೆ. ಈಗ ಅದೇ ಏಜೆಂಟ್ ಮನೆಗೆ ಬಂದು, ದೂರು ವಾಪಸ್ ತಗೊಂಡರೆ ಅರ್ಧ ಹಣ ಕೊಡಿಸುತ್ತೇನೆ ಅನ್ನುತ್ತಿದ್ದಾರೆ. ನಾನು ಸಿಕ್ಕಿಹಾಕಿಕೊಂಡೆನಾ? ಪತ್ರಗಳ ಪ್ರತಿ ಜೊತೆಗಿಟ್ಟಿದ್ದೇನೆ.

ಉತ್ತರ: ಮೇಡಂ, ಮೊದಲು ನಿಮ್ಮ ಭಯದ ಬಗ್ಗೆ ಹೇಳಿಬಿಡುತ್ತೇನೆ. ನೋಟಿಸ್‌ನಲ್ಲಿರುವ ಆ 179 ಎಂಬ ಸಂಖ್ಯೆಯನ್ನು ನೀವು ಗಮನಿಸಿ ಬರೆದದ್ದು ಒಳ್ಳೆಯದಾಯಿತು. ಬಿಎನ್‌ಎಸ್‌ಎಸ್ ಅಂದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಪೊಲೀಸ್ ತನಿಖೆ ಹೇಗೆ ನಡೆಯಬೇಕು ಎಂದು ಹೇಳುವ ಕಾನೂನು. ಅದು 2024ರ ಜುಲೈ 1ರಿಂದ ಜಾರಿಯಲ್ಲಿದೆ. ಅದರ 179ನೇ ಕಲಂ ಸಾಕ್ಷಿಗಳನ್ನು ಕರೆಸುವ ಕಲಂ. ವಿಷಯ ಗೊತ್ತಿರುವವರು ಬಂದು ಹೇಳಲಿ ಎಂದು ತನಿಖಾಧಿಕಾರಿ ಕೊಡುವ ನೋಟಿಸ್ ಅದು. ಆರೋಪ ಅಥವಾ ಅನುಮಾನ ಇರುವವರಿಗೆ, ಬಂಧಿಸುವ ಅಗತ್ಯ ಇಲ್ಲದಿದ್ದಾಗ, 35(3) ಎಂಬ ಬೇರೆ ಕಲಂನಲ್ಲಿ ನೋಟಿಸ್ ಬರುತ್ತದೆ. ಪೊಲೀಸರ ಕಾಗದ ಕೈಗೆ ಬಂದಾಗ ಮೊದಲು ನೋಡಬೇಕಾದದ್ದು ಈ ಸಂಖ್ಯೆಯನ್ನೇ. ಇವತ್ತಿನ ಮಟ್ಟಿಗೆ ಅವರ ಕಣ್ಣಿಗೆ ನೀವು ಸಾಕ್ಷಿ.

ಅದೇ 179ರಲ್ಲಿ ನಿಮಗೆ ಇನ್ನೊಂದು ಅನುಕೂಲ ಇದೆ. ಮಹಿಳೆಯರನ್ನು, 60 ದಾಟಿದ ಗಂಡಸರನ್ನು, 15 ತುಂಬದ ಹುಡುಗರನ್ನು, ಅಂಗವಿಕಲರನ್ನು, ತೀವ್ರ ಕಾಯಿಲೆ ಇರುವವರನ್ನು ಅವರು ವಾಸವಿರುವ ಜಾಗ ಬಿಟ್ಟು ಬೇರೆ ಕಡೆ ಬನ್ನಿ ಎಂದು ಬಲವಂತ ಮಾಡುವ ಹಾಗಿಲ್ಲ. ನೀವಾಗಿಯೇ ಹೋಗುತ್ತೇನೆ ಅಂದರೆ ಹೋಗಬಹುದು. ಆದ್ದರಿಂದ ಬೆಂಗಳೂರಿಗೆ ಬಸ್ ಹತ್ತುವ ಮೊದಲು ತನಿಖಾಧಿಕಾರಿಗೆ ಒಂದು ಪತ್ರ ಬರೆಯಿರಿ: ನಾನು ಮಹಿಳೆ, ವಯಸ್ಸು 63, ಹೇಳಿಕೆ ಕೊಡಲು ಸಿದ್ಧಳಿದ್ದೇನೆ, ನನ್ನ ಮನೆಯಲ್ಲಿ ಪಡೆಯಬೇಕೆಂದು ಕೋರುತ್ತೇನೆ. ಇಷ್ಟು ಸಾಕು. ಇದು ತಪ್ಪಿಸಿಕೊಳ್ಳುವುದಲ್ಲ, ಕಾನೂನು ಕೊಟ್ಟ ಹಕ್ಕು. ಇನ್ನು ನೀವು ಹೇಳಿದ್ದನ್ನು ಪೊಲೀಸರು ಬರೆದುಕೊಂಡರೆ ಆ ಹೇಳಿಕೆಗೆ ನೀವು ಸಹಿ ಹಾಕಬೇಕಿಲ್ಲ. ಸಹಿ ಪಡೆಯಬಾರದು ಎಂದೇ ಕಾನೂನು ಹೇಳುತ್ತದೆ. ಬರೆದದ್ದನ್ನು ಓದಿ ಹೇಳಿ ಎಂದು ಕೇಳಿ, ತಪ್ಪಿದ್ದರೆ ಅಲ್ಲೇ ತಿದ್ದಿಸಿ. ಸೆಬಿ ಅಥವಾ ಇ.ಡಿ. ಮುಂದೆ ಕೊಡುವ ಹೇಳಿಕೆಯ ಲೆಕ್ಕ ಬೇರೆ, ಅಲ್ಲಿ ಸಹಿ ಹಾಕಬೇಕಾಗುತ್ತದೆ. ಅಲ್ಲಿಗೆ ಕರೆ ಬಂದರೆ ವಕೀಲರನ್ನು ಕಂಡೇ ಹೋಗಿ.

ಈಗ ನಿಮ್ಮ ಮಗನ ಪ್ರಶ್ನೆಗೆ ಬರುತ್ತೇನೆ. ಅಷ್ಟೆಲ್ಲಾ ಪತ್ರ ಬರೆದದ್ದಕ್ಕೇ ಹೀಗಾಯಿತು ಎಂದು ಅವರು ಹೇಳುತ್ತಿದ್ದಾರೆ, ಅಲ್ವಾ? ನಿಮ್ಮ ಪತ್ರಗಳನ್ನೆಲ್ಲ ಓದಿದೆ. ಹೆಚ್ಚಿನವು ನೋವಿನಲ್ಲಿ ಬರೆದವು. ಒಬ್ಬ ಅಧಿಕಾರಿ ಅವನ್ನು ಓದಿ ಬೇಸರಪಟ್ಟುಕೊಳ್ಳಬಹುದು, ಆದರೆ ಏನೂ ಮಾಡಲಾಗದು. ಹಣ ಹೋಯಿತು, ಮೋಸ ಮಾಡಿದರು, ನ್ಯಾಯ ಕೊಡಿಸಿ ಎಂಬಂಥ ಪತ್ರ ಎಲ್ಲ ಕಚೇರಿಗಳಿಗೂ ಬರುತ್ತವೆ. ಇದು ನಮ್ಮ ವ್ಯಾಪ್ತಿಗೆ ಬರಲ್ಲ ಎಂದು ಒಬ್ಬರು ಇನ್ನೊಬ್ಬರಿಗೆ ದಾಟಿಸುತ್ತಾರೆ. ನಿಮಗೆ ಬಂದ ಉತ್ತರಗಳೆಲ್ಲ ಅದೇ.

ಆದರೆ ಕಂಪನಿ ರಿಜಿಸ್ಟ್ರಾರ್‌ಗೆ ಬರೆದ ಪತ್ರದ ಎರಡನೇ ಪುಟದಲ್ಲಿ ಒಂದು ಸಾಲಿದೆ. ‘ನನ್ನ ಬಾಂಡ್ ಸರ್ಟಿಫಿಕೇಟ್ ನಂಬರ್ 3118, ಅದೇ ವರ್ಷ ಎರಡು ತಿಂಗಳ ನಂತರ ಸೇರಿದ ನನ್ನ ನಾದಿನಿಯದ್ದು 3642.’ ಇಷ್ಟು ಜನರಿಗೆ ಮೋಸ ಆಗಿದೆ ಎಂದು ತೋರಿಸಲು ನೀವು ಅದನ್ನು ಬರೆದಿರಿ. ನನ್ನ ಅಂದಾಜಿನಲ್ಲಿ ಬಾಗಿಲು ತೆಗೆದದ್ದು ಆ ಸಾಲೇ. ಯಾಕೆಂದರೆ ಕಂಪನಿ ಕೊಟ್ಟ ಕಾಗದದಲ್ಲಿ ಇದು ‘ಖಾಸಗಿ ಹಂಚಿಕೆ’ ಎಂದಿದೆ, ಅಂದರೆ ಆಯ್ದ ಕೆಲವರಿಗೆ ಮಾತ್ರ ಕೊಡುವುದು. ಕಂಪನಿ ಕಾಯ್ದೆಯ 42ನೇ ಕಲಂ ಮತ್ತು ಅದರ ನಿಯಮಗಳ ಪ್ರಕಾರ ಖಾಸಗಿ ಹಂಚಿಕೆಯಲ್ಲಿ ಒಂದು ಹಣಕಾಸು ವರ್ಷಕ್ಕೆ 200 ಜನರಿಗಿಂತ ಜಾಸ್ತಿ ಮಂದಿಗೆ ಬಾಂಡ್ ಕೊಡಲು ಬರುವುದಿಲ್ಲ. ದೊಡ್ಡ ಸಂಸ್ಥೆಗಳನ್ನು ಮತ್ತು ಕಂಪನಿಯ ನೌಕರರಿಗೆ ಕೊಡುವ ಷೇರುಗಳನ್ನು ಈ ಲೆಕ್ಕದಿಂದ ಬಿಟ್ಟಿದ್ದಾರೆ. ಅದಕ್ಕಿಂತ ಹೆಚ್ಚು ಜನರಿಗೆ ಕೊಟ್ಟರೆ ಅದು ಸಾರ್ವಜನಿಕರಿಗೆ ಮಾರಿದ ಹಾಗೆ. ಆಗ ಸೆಬಿ ಒಳಗೆ ಬರುತ್ತದೆ. ಎರಡು ತಿಂಗಳಲ್ಲಿ 524 ಸರ್ಟಿಫಿಕೇಟ್ ಏರಿದ್ದನ್ನು ನೋಡಿದ ಅಧಿಕಾರಿಗೆ ಮುಂದಿನ ಪ್ರಶ್ನೆ ತಾನಾಗಿಯೇ ಹೊಳೆಯುತ್ತದೆ.

ಇಂಥದ್ದು ನಮ್ಮ ದೇಶದಲ್ಲಿ ಬಹಳ ದೊಡ್ಡ ಮಟ್ಟದಲ್ಲಿ ಒಮ್ಮೆ ಆಗಿದೆ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ನಿಮ್ಮ ಮುಂದಿನ ದಾರಿ ಅದರಿಂದ ಚೆನ್ನಾಗಿ ಕಾಣುತ್ತದೆ.

ಸಹಾರಾ ಗುಂಪಿನ ಸಹಾರಾ ಪ್ರೈಮ್ ಸಿಟಿ ಎಂಬ ಕಂಪನಿ ಷೇರು ಮಾರಾಟಕ್ಕೆ ಅನುಮತಿ ಕೋರಿ 2009ರ ಸೆಪ್ಟೆಂಬರ್ ಕೊನೆಯಲ್ಲಿ ಸೆಬಿಗೆ ಕಾಗದಪತ್ರ ಸಲ್ಲಿಸಿತು. ಅದನ್ನು ಪರಿಶೀಲಿಸುತ್ತಿರುವಾಗಲೇ ಸೆಬಿಗೆ ಎರಡು ದೂರುಗಳು ಬಂದವು. ಒಂದು, ಹೂಡಿಕೆದಾರರ ರಕ್ಷಣೆಯ ಹೆಸರಿನ ಗುಂಪೊಂದರಿಂದ, 2009ರ ಡಿಸೆಂಬರ್ 25ರದ್ದು. ಇನ್ನೊಂದು ಒಬ್ಬ ವ್ಯಕ್ತಿ ಬರೆದದ್ದು, 2010ರ ಜನವರಿ 4ರ ತಾರೀಖಿನದು. ಆ ಎರಡನೆಯದು ಸೆಬಿಗೆ ಬರೆದದ್ದೇ ಆಗಿರಲಿಲ್ಲ. ಅದು ಹೋಗಿದ್ದು ರಾಷ್ಟ್ರೀಯ ವಸತಿ ಬ್ಯಾಂಕಿಗೆ, ಅಲ್ಲಿಂದ ಸೆಬಿಗೆ ಬಂತು. ದೂರಿನ ತಿರುಳು ಚಿಕ್ಕದು: ಸಹಾರಾದ ಕಂಪನಿಗಳು ದೇಶದ ತುಂಬ ಜನರಿಗೆ ಬಾಂಡ್ ಮಾರುತ್ತಿವೆ, ಇದಕ್ಕೆ ಬೇಕಾದ ಅನುಮತಿ ಇಲ್ಲ.

ಸೆಬಿ ಕೇಳಿತು: ಯಾರಿಗೆ ಮಾರಿದ್ದೀರಿ, ಎಷ್ಟು ಜನಕ್ಕೆ? ಎರಡು ಸಹಾರಾ ಕಂಪನಿಗಳ ವಾದ ಒಂದೇ. ಇದು ನಮ್ಮ ಗೆಳೆಯರು, ನೌಕರರು, ನಮ್ಮ ಗುಂಪಿನ ಜೊತೆ ನಂಟಿರುವವರಿಗೆ ಮಾಡಿದ ಖಾಸಗಿ ಹಂಚಿಕೆ, ನಿಮಗೆ ಸಂಬಂಧವಿಲ್ಲ. ಆಗಿನ ಕಂಪನಿ ಕಾಯ್ದೆಯಲ್ಲಿ ಖಾಸಗಿ ಹಂಚಿಕೆಯ ಮಿತಿ 49 ಜನ. ಇಲ್ಲಿ ಬಾಂಡ್ ಕೊಂಡವರು ಸುಮಾರು 3 ಕೋಟಿ. ಮಾರಿದ್ದು ಸುಮಾರು 10 ಲಕ್ಷ ಏಜೆಂಟರು, 2,900 ಶಾಖೆಗಳ ಮೂಲಕ. 2010ರ ನವೆಂಬರ್‌ನಲ್ಲಿ ಸೆಬಿ ತಡೆ ಹಾಕಿತು. 2011ರ ಜೂನ್ 23ರಂದು ಹಣ ವಾಪಸ್ ಕೊಡಿ ಎಂಬ ಅಂತಿಮ ಆದೇಶ ಬಂತು. ಅದೇ ಅಕ್ಟೋಬರ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಆ ಆದೇಶವನ್ನು ಎತ್ತಿಹಿಡಿಯಿತು. 2012ರ ಆಗಸ್ಟ್ 31ರಂದು ಸುಪ್ರೀಂ ಕೋರ್ಟ್‌ನ ನ್ಯಾಯಮೂರ್ತಿಗಳಾದ ಕೆ.ಎಸ್. ರಾಧಾಕೃಷ್ಣನ್ ಮತ್ತು ಜೆ.ಎಸ್. ಖೇಹರ್ ಅವರ ಪೀಠ, ಸುಮಾರು 24,000 ಕೋಟಿ ರೂಪಾಯಿಯನ್ನು ಶೇಕಡಾ 15 ಬಡ್ಡಿ ಸೇರಿಸಿ ಮೂರು ತಿಂಗಳಲ್ಲಿ ಮರಳಿಸಬೇಕು ಎಂದಿತು. ಹಣ ಬರಲಿಲ್ಲ, ದಾಖಲೆ ತುಂಬಿದ 127 ಲಾರಿಗಳು ಸೆಬಿಯ ಬಾಗಿಲಿಗೆ ಬಂದವು. ಕೊನೆಗೆ 2014ರ ಮಾರ್ಚ್‌ನಲ್ಲಿ ಗುಂಪಿನ ಮುಖ್ಯಸ್ಥ ಸುಬ್ರತಾ ರಾಯ್ ತಿಹಾರ್ ಜೈಲಿಗೆ ಹೋದರು.

ಇದನ್ನೆಲ್ಲ ಹೇಳಿದ್ದಕ್ಕೆ ಕಾರಣ ಇದೆ. ಆ ಪತ್ರವೂ ನಿಮ್ಮ ಪತ್ರದ ಹಾಗೆಯೇ ಬೇರೆ ಕಚೇರಿಗೆ ಹೋಗಿ ಅಲ್ಲಿಂದ ಸರಿಯಾದ ಮೇಜಿಗೆ ಬಂತು. ಅದರಲ್ಲೂ ಪರೀಕ್ಷಿಸಿ ನೋಡಬಹುದಾದ ಒಂದು ಸಂಗತಿ ಇತ್ತು. ಹಾಗಾಗಿ ಮಗನಿಗೆ ಹೇಳಿ, ಅಮ್ಮ ಮಾಡಿದ್ದು ಸರಿಯಾದ ಕೆಲಸ. ದೂರು ಬಾರದಿದ್ದರೆ ಏನಾಗುತ್ತದೆ ಎಂಬುದನ್ನು ಬೆಂಗಳೂರಿನವರು ಐಎಂಎ ಎಂಬ ಹೂಡಿಕೆ ಕಂಪನಿಯ ಪ್ರಕರಣದಲ್ಲಿ ನೋಡಿದ್ದಾರೆ. 2019ರ ಜೂನ್‌ನಲ್ಲಿ ಕಂಪನಿಯ ಮಾಲೀಕ ದೇಶ ಬಿಟ್ಟು ಹೋದ ಮೇಲೆ ಕೆಲವೇ ವಾರಗಳಲ್ಲಿ ಸುಮಾರು 40,000 ದೂರುಗಳು ಬಂದವು. ಅಷ್ಟು ಹೊತ್ತಿಗೆ ಹಣದ ಬಹುಪಾಲು ಖಾಲಿಯಾಗಿತ್ತು. ಅದರಲ್ಲಿ ನೂರು ಜನ ಒಂದು ವರ್ಷ ಮೊದಲೇ ಬರೆದಿದ್ದರೆ ಎಷ್ಟು ಮನೆಗಳು ಉಳಿಯುತ್ತಿದ್ದವೋ ಎಂದು ನನಗೆ ಈಗಲೂ ಸಂಕಟ ಆಗುತ್ತದೆ.

ಆದರೆ ಸಹಾರಾ ಕಥೆಯ ಇನ್ನೊಂದು ಭಾಗ ನಿಮಗೆ ಜಾಸ್ತಿ ಮುಖ್ಯ. ಕೇಸು ಗೆದ್ದ ಮಾತ್ರಕ್ಕೆ ದುಡ್ಡು ಮನೆಗೆ ಬರಲಿಲ್ಲ. ಸೆಬಿಯ ಖಾತೆಯಲ್ಲಿ ಬಡ್ಡಿ ಸೇರಿ 25,000 ಕೋಟಿಗೂ ಹೆಚ್ಚು ಹಣ ಸೇರಿತು. 2023ರ ಮಾರ್ಚ್ ಹೊತ್ತಿಗೆ ಅದರಿಂದ ಹೂಡಿಕೆದಾರರಿಗೆ ಮರಳಿದ್ದು ಸುಮಾರು 138 ಕೋಟಿ ಮಾತ್ರ. ಸೆಬಿ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು ಅರ್ಜಿ ಕರೆದಿತ್ತು. ಮೂರು ಕೋಟಿ ಹೂಡಿಕೆದಾರರಲ್ಲಿ ದಾಖಲೆ ಹಿಡಿದು ಅರ್ಜಿ ಹಾಕಿದವರು ತೀರಾ ಕಡಿಮೆ.

ತನಿಖೆಯ ದಾರಿ ಬೇರೆ, ನಿಮ್ಮ ಹಣದ ದಾರಿ ಬೇರೆ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಸಿಐಡಿಗೆ ಹೇಳಿಕೆ ಕೊಟ್ಟೆ, ಇನ್ನು ದುಡ್ಡು ಬರುತ್ತದೆ ಎಂದು ಕೂತರೆ ಕೂತೇ ಇರುತ್ತೀರಿ. ನಮ್ಮ ರಾಜ್ಯದಲ್ಲಿ 2004ರ ಠೇವಣಿದಾರರ ಹಿತರಕ್ಷಣಾ ಕಾಯ್ದೆ ಇದೆ, ಕೆಪಿಐಡಿ ಎಂದು ಕರೆಯುತ್ತಾರೆ. ಅದರ ಕೆಳಗೆ ಸರ್ಕಾರ ಒಬ್ಬ ಸಕ್ಷಮ ಪ್ರಾಧಿಕಾರಿಯನ್ನು ನೇಮಿಸಿ ಕಂಪನಿಯ ಆಸ್ತಿ ಜಪ್ತಿ ಮಾಡಬಹುದು, ವಿಶೇಷ ನ್ಯಾಯಾಲಯದ ಮೂಲಕ ಅದನ್ನು ಮಾರಿ ಠೇವಣಿದಾರರಿಗೆ ಹಂಚಬಹುದು. ಐಎಂಎ ಪ್ರಕರಣದಲ್ಲಿ 2020ರ ಕೊನೆಯಲ್ಲಿ ಹೀಗೆ ಪ್ರತ್ಯೇಕವಾಗಿ ಆನ್‌ಲೈನ್ ಅರ್ಜಿ ಕರೆದರು, ಅದಕ್ಕೆ ಕೊನೆ ದಿನಾಂಕವೂ ಇತ್ತು. ನಿಮ್ಮ ಕಂಪನಿಯ ವಿಷಯದಲ್ಲಿ ಪ್ರಾಧಿಕಾರಿ ನೇಮಕ ಆಗಿದೆಯಾ ಎಂದು ತನಿಖಾಧಿಕಾರಿಯನ್ನೇ ಕೇಳಿ, ಜಿಲ್ಲಾಧಿಕಾರಿ ಕಚೇರಿಯಲ್ಲೂ ಬರಹದಲ್ಲಿ ಕೇಳಿ. ಆಗಿದ್ದರೆ ಆ ವಾರವೇ ಕ್ಲೇಮು ಅರ್ಜಿ ಹಾಕಿ. ಆಗಿಲ್ಲವಾದರೆ ಪ್ರಕಟಣೆ ಬರುವುದನ್ನು ಕಾಯುತ್ತಾ ತಿಂಗಳಿಗೊಮ್ಮೆ ವಿಚಾರಿಸುತ್ತಿರಿ. ನಾದಿನಿ ತಮ್ಮದನ್ನು ಬೇರೆಯಾಗಿ ಹಾಕಲಿ.

ಲೆಕ್ಕ ಕೊಡುವಾಗ ಬಂದ ಬಡ್ಡಿಯನ್ನೂ ಹೇಳಿ. ತಿಂಗಳಿಗೆ 6,750ರಂತೆ ಹನ್ನೊಂದು ತಿಂಗಳಿಗೆ 74,250 ರೂಪಾಯಿ ನಿಮಗೆ ಬಂದಿದೆ. ಹಂಚುವಾಗ ಇದನ್ನು ಅಸಲಿನಲ್ಲಿ ಕಳೆಯುವ ಸಾಧ್ಯತೆ ಇದೆ. ಮುಚ್ಚಿಟ್ಟರೆ ಬ್ಯಾಂಕ್ ಪಾಸ್‌ಬುಕ್ ಹೇಳಿಬಿಡುತ್ತದೆ, ಆಮೇಲೆ ನಿಮ್ಮ ಉಳಿದ ಮಾತನ್ನೂ ನಂಬುವುದು ಕಷ್ಟ. ಈ ಬಡ್ಡಿಯನ್ನು ಆದಾಯ ತೆರಿಗೆ ರಿಟರ್ನ್‌ನಲ್ಲಿ ತೋರಿಸಿಲ್ಲವಾದರೆ ನಿಮ್ಮ ಆಡಿಟರ್ ಹತ್ತಿರ ಕೇಳಿ ಸರಿಪಡಿಸಿಕೊಳ್ಳಿ.

ಸೆಬಿಯ ಇಮೇಲ್‌ಗೆ ಉತ್ತರ ತಡ ಮಾಡಬೇಡಿ. ಅವರಿಗೆ ಕಥೆ ಬೇಡ, ಕಾಗದ ಬೇಕು. ಒಂದೇ ಪುಟದಲ್ಲಿ ತಾರೀಖಿನ ಪ್ರಕಾರ ಬರೆಯಿರಿ: ಯಾವತ್ತು ಯಾರು ಬಂದರು, ಏನು ಹೇಳಿದರು, ಎಷ್ಟು ಹಣ ಯಾವ ಖಾತೆಗೆ ಹೋಯಿತು, ಯಾವತ್ತು ಬಡ್ಡಿ ನಿಂತಿತು. ಜೊತೆಗೆ ಸರ್ಟಿಫಿಕೇಟ್, ಅವರು ಹಂಚಿದ ಕರಪತ್ರ, ಪಾಸ್‌ಬುಕ್ ಪುಟ, ಏಜೆಂಟ್ ಕಳಿಸಿದ ವಾಟ್ಸಾಪ್ ಸಂದೇಶಗಳ ಸ್ಕ್ರೀನ್‌ಶಾಟ್. ಊರ ಛತ್ರದಲ್ಲಿ ಸಭೆ ಮಾಡಿ ಬಾಂಡ್ ಮಾರಿದರು ಎಂದು ಒಂದು ಪತ್ರದಲ್ಲಿ ಬರೆದಿದ್ದೀರಿ. ಆ ಸಭೆಯ ಆಹ್ವಾನ ಪತ್ರ ಯಾರ ಹತ್ತಿರವಾದರೂ ಇದ್ದರೆ ಹುಡುಕಿ. ಖಾಸಗಿ ಹಂಚಿಕೆಗೆ ಜಾಹೀರಾತು ಕೊಡುವ ಹಾಗಿಲ್ಲ, ಹಾಗಾಗಿ ಆ ಆಹ್ವಾನ ಪತ್ರಕ್ಕೆ ತುಂಬ ಬೆಲೆ ಇದೆ. ಮೊಬೈಲ್ ಬದಲಾಯಿಸಬೇಡಿ, ಸಂದೇಶ ಅಳಿಸಬೇಡಿ. ಮೂಲ ಸರ್ಟಿಫಿಕೇಟನ್ನು ಯಾರಿಗೂ ಸುಮ್ನೆ ಕೊಡಬೇಡಿ. ಪೊಲೀಸರು ಮೂಲ ಪ್ರತಿಯೇ ಬೇಕು ಅಂದರೆ ಮಹಜರು ಬರೆಸಿ, ಅದರ ಪ್ರತಿ ಪಡೆದು ಕೊಡಿ.

ಈಗ ಆ 9,000 ರೂಪಾಯಿ. ನೀವು ಪತ್ರದ ಕೊನೆಯಲ್ಲಿ ಮೆಲ್ಲಗೆ ಬರೆದ ವಿಷಯ ಇದು, ಆದರೆ ಇದರಲ್ಲೇ ನೀವು ಜಾಸ್ತಿ ಎಚ್ಚರ ವಹಿಸಬೇಕು. 2019ರ ಅನಿಯಂತ್ರಿತ ಠೇವಣಿ ನಿಷೇಧ ಕಾಯ್ದೆಯಲ್ಲಿ, ಇಂಥ ಯೋಜನೆಗೆ ಸುಳ್ಳು ಹೇಳಿ ಬೇರೆಯವರನ್ನು ಸೇರಿಸುವುದೂ ಅಪರಾಧ. ಒಂದರಿಂದ ಐದು ವರ್ಷ ಜೈಲು, 10 ಲಕ್ಷದವರೆಗೆ ದಂಡ. ಆದರೆ ಆ ಕಲಂನಲ್ಲಿ ಮುಖ್ಯ ಮಾತು ‘ಗೊತ್ತಿದ್ದೂ’ ಎಂಬುದು. ನೀವು ನಿಮ್ಮದೇ ನಾಲ್ಕೂವರೆ ಲಕ್ಷ ಹಾಕಿದ್ದೀರಿ, ನಂಬಿಕೆಯಿಂದ ಮನೆಯವರಿಗೆ ಹೇಳಿದ್ದೀರಿ. ಗೊತ್ತಿದ್ದೂ ಮೋಸ ಮಾಡಿದವರು ತಮ್ಮ ದುಡ್ಡನ್ನು ಒಳಗೆ ಬಿಡುವುದಿಲ್ಲ. ಆದರೂ ಹೇಳಿಕೆಗೆ ಮೊದಲು ಕ್ರಿಮಿನಲ್ ಕೇಸು ನಡೆಸುವ ವಕೀಲರೊಬ್ಬರ ಹತ್ತಿರ ಕೂತು ಈ ಒಂದು ವಿಷಯ ಮಾತಾಡಿ. ಅವರು ಒಪ್ಪಿದರೆ, ಅಧಿಕಾರಿ ಕೇಳುವ ಮೊದಲು ನೀವಾಗಿಯೇ ಹೇಳಿಬಿಡಿ. ಏಜೆಂಟ್‌ನ ಲೆಕ್ಕದ ಪುಸ್ತಕದಲ್ಲಿ ನಿಮ್ಮ ಹೆಸರು ಸಿಕ್ಕಿ, ನೀವು ಅದನ್ನು ಬಿಟ್ಟಿದ್ದೀರಿ ಎಂದಾದರೆ 179 ಹೋಗಿ 35(3) ಬರಲು ಹೊತ್ತು ಬೇಕಿಲ್ಲ. ವಕೀಲರ ಶುಲ್ಕ ಹೊರೆ ಅನ್ನಿಸಿದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ಅಲ್ಲಿ ಉಚಿತ ನೆರವು ಸಿಗುತ್ತದೆ.

ರಾಜಕಾರಣಿಯ ವಿಷಯಕ್ಕೆ ನೀವು ನಿದ್ದೆ ಕೆಡಿಸಿಕೊಳ್ಳುವುದು ಬೇಡ. ಅಧಿಕಾರ ಇರುವ ಕಚೇರಿಗೆ ಸದ್ಭಾವನೆಯಿಂದ ಕೊಟ್ಟ ದೂರು ಮಾನನಷ್ಟ ಆಗುವುದಿಲ್ಲ ಎಂದು ಕಾನೂನಿನಲ್ಲೇ ವಿನಾಯಿತಿ ಇದೆ. ಆದರೆ ಅದು ಸುಳ್ಳು ಎಂದು ಗೊತ್ತಿದ್ದೂ ಬರೆದಿದ್ದರೆ ರಕ್ಷಣೆ ಇಲ್ಲ. ಅಧಿಕಾರಿ ಕೇಳಿದರೆ, ‘ಊರಲ್ಲಿ ಹಾಗೆ ಮಾತಾಡುತ್ತಿದ್ದರು, ನನ್ನ ಹತ್ತಿರ ಆಧಾರ ಇಲ್ಲ’ ಎಂದು ನೇರವಾಗಿ ಹೇಳಿ. ನಿಮ್ಮ ಕಣ್ಣಾರೆ ಕಂಡದ್ದು, ಕೇಳಿದ್ದು, ಅಂದುಕೊಂಡದ್ದು, ಈ ಮೂರನ್ನು ಬೇರೆ ಬೇರೆ ಇಟ್ಟು ಮಾತಾಡಿ. ಆ ವಿನಾಯಿತಿ ವಾಟ್ಸಾಪ್ ಗ್ರೂಪಿಗೆ, ಫೇಸ್‌ಬುಕ್ಕಿಗೆ ಸಿಗುವುದಿಲ್ಲ. ಹೂಡಿಕೆದಾರರ ಗ್ರೂಪಿನಲ್ಲಿ ಆ ಹೆಸರು ಹಾಕಿದ್ದರೆ ಇನ್ನು ಮುಂದೆ ಬೇಡ.

ಇನ್ನೊಂದು ಎಚ್ಚರಿಕೆ ಹೇಳಲೇಬೇಕು. ಇಂಥ ತನಿಖೆಯ ಸುದ್ದಿ ಹಬ್ಬಿದ ಕೂಡಲೇ ಹಣ ಕಳಕೊಂಡವರ ಫೋನ್ ನಂಬರ್ ಹಿಡಿದು ಎರಡನೇ ಸಲ ಮೋಸ ಮಾಡುವವರು ಬರುತ್ತಾರೆ. ‘ಸೆಬಿಯಿಂದ ಮಾತಾಡ್ತಿದ್ದೇವೆ, ನಿಮ್ಮ ಹಣ ಮಂಜೂರಾಗಿದೆ, ಶುಲ್ಕ ಕಟ್ಟಿ’ ಅನ್ನುತ್ತಾರೆ. ಇಲ್ಲವೇ ವಿಡಿಯೋ ಕರೆಯಲ್ಲಿ ಸಮವಸ್ತ್ರ ತೋರಿಸಿ ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸುತ್ತಾರೆ. ಅಂಥ ಬಂಧನ ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. ಹಣ ಮರಳಿಸಲು ಸೆಬಿಯಾಗಲಿ ಪೊಲೀಸರಾಗಲಿ ಶುಲ್ಕ ಕೇಳುವುದಿಲ್ಲ. ಸೆಬಿಯ ಇಮೇಲ್ ವಿಳಾಸ ಸೆಬಿ ಡಾಟ್ ಜಿಒವಿ ಡಾಟ್ ಇನ್ ಎಂದೇ ಮುಗಿಯಬೇಕು, ಒಂದು ಅಕ್ಷರ ಆಚೀಚೆ ಇದ್ದರೂ ಉತ್ತರಿಸಬೇಡಿ. ಸಿಐಡಿ ನೋಟಿಸನ್ನು ಹತ್ತಿರದ ಠಾಣೆಗೆ ತೋರಿಸಿ ನಿಜವೇ ಎಂದು ಖಚಿತ ಮಾಡಿಕೊಳ್ಳಿ. ಅನುಮಾನದ ಕರೆ ಬಂದು ಹಣ ಹೋಗಿಬಿಟ್ಟಿದ್ದರೆ ತಕ್ಷಣ 1930ಕ್ಕೆ ಫೋನ್ ಮಾಡಿ.

ಕೊನೆಗೆ ಏಜೆಂಟ್‌ನ ಮಾತು. ನಿಮ್ಮ ಹಣ ನಿಮಗೆ ಬರುವುದಾದರೆ ತಗೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ಷರತ್ತು ನೋಡಿ. ತನಿಖೆ ಶುರುವಾದ ಮೇಲೆ ಇದು ನಿಮ್ಮೊಬ್ಬರ ದೂರಾಗಿ ಉಳಿದಿಲ್ಲ, ನೀವು ವಾಪಸ್ ತಗೊಂಡರೂ ಕೇಸು ನಿಲ್ಲುವುದಿಲ್ಲ. ಅದು ಅವರಿಗೂ ಗೊತ್ತಿದೆ. ಅವರಿಗೆ ಬೇಕಾದದ್ದು ‘ನಾನು ತಪ್ಪು ತಿಳಿದು ಸುಳ್ಳು ದೂರು ಕೊಟ್ಟೆ’ ಎಂದು ನಿಮ್ಮ ಸಹಿ ಇರುವ ಒಂದು ಕಾಗದ. ಅದು ಅವರ ಕೈಗೆ ಸಿಕ್ಕರೆ ನಿಮ್ಮ ಸಾಕ್ಷ್ಯ ಹೋಯಿತು, ಮೇಲೆ ನೀವೇ ಸುಳ್ಳು ದೂರುದಾರರಾದಿರಿ. ಕೊಡುವುದಾದರೆ ನನ್ನ ಬ್ಯಾಂಕ್ ಖಾತೆಗೆ ಹಾಕಿ, ನಗದು ಬೇಡ, ಯಾವ ಕಾಗದಕ್ಕೂ ಸಹಿ ಹಾಕಲ್ಲ ಎಂದು ಹೇಳಿ. ಅವರು ಮನೆಗೆ ಬಂದ ದಿನ, ಹೊತ್ತು, ಆಡಿದ ಮಾತು, ಆಗ ಮನೆಯಲ್ಲಿ ಯಾರಿದ್ದರು ಎಂಬುದನ್ನು ಇವತ್ತೇ ಬರೆದಿಡಿ. ಹೇಳಿಕೆ ಕೊಡುವಾಗ ತನಿಖಾಧಿಕಾರಿಗೆ ಇದನ್ನೂ ತಿಳಿಸಿ. ಮತ್ತೆ ಬಂದು ಒತ್ತಾಯ ಮಾಡಿದರೆ, ಬೆದರಿಸಿದರೆ, ಹೇಳಿಕೆಯ ದಿನದವರೆಗೆ ಕಾಯಬೇಡಿ, ಅವತ್ತೇ ನಿಮ್ಮ ಊರಿನ ಠಾಣೆಗೆ ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ.